ಎದ್ದು ನಿಂತವನಿಗೆ ಕೈ ಹಚ್ಚುವ ಮೊದಲು: ಪ್ರಚಾರ ಸಭೆಗಳ ಬಗ್ಗೆ ಒಂದು ಬಹಿರಂಗ ಪತ್ರ

ಕರ್ನಾಟಕದ ಮುಖ್ಯ ಚುನಾವಣಾಧಿಕಾರಿಯವರಿಗೆ, ರಾಜ್ಯ ಪೊಲೀಸ್ ಮಹಾನಿರ್ದೇಶಕರಿಗೆ, ಎಲ್ಲ ಪಕ್ಷಗಳ ಜಿಲ್ಲಾ ಮತ್ತು ತಾಲ್ಲೂಕು ಅಧ್ಯಕ್ಷರಿಗೆ

ಮಾನ್ಯರೆ,

ಮಾದರಿ ನೀತಿ ಸಂಹಿತೆಯ ಎರಡನೇ ಭಾಗ ಸಭೆಗಳ ಕುರಿತದ್ದು. ಅದರ ನಾಲ್ಕನೇ ಅಂಶದಲ್ಲಿ ಎರಡೇ ವಾಕ್ಯಗಳಿವೆ. ಸಭೆಗೆ ಅಡ್ಡಿ ಮಾಡುವವರನ್ನು ನಿಭಾಯಿಸಲು ಸಂಘಟಕರು ಕರ್ತವ್ಯದ ಮೇಲಿರುವ ಪೊಲೀಸರ ನೆರವನ್ನೇ ಕೇಳಬೇಕು ಎನ್ನುವುದು ಮೊದಲನೆಯದು. ಅಂಥವರ ಮೇಲೆ ಸಂಘಟಕರು ತಾವೇ ಕ್ರಮಕ್ಕೆ ಇಳಿಯಕೂಡದು ಎನ್ನುವುದು ಎರಡನೆಯದು. ಧ್ವನಿವರ್ಧಕಕ್ಕೆ ಅನುಮತಿ ಪಡೆಯಬೇಕೆಂಬ ಮೂರನೇ ಅಂಶ ಎಲ್ಲ ಪಕ್ಷದವರಿಗೂ ಬಾಯಿಪಾಠ. ಅದರ ಕೆಳಗಿನ ಈ ಎರಡು ವಾಕ್ಯ ಮಾತ್ರ ಯಾರ ಕಣ್ಣಿಗೂ ಬಿದ್ದಂತಿಲ್ಲ.

ನಾವು ಹೊಸ ಕಾನೂನು ಕೇಳುತ್ತಿಲ್ಲ. ಆ ಎರಡನೇ ವಾಕ್ಯವನ್ನು ಅನುಮತಿ ಪತ್ರದಲ್ಲಿ, ಪೆಂಡಾಲಿನಲ್ಲಿ, ವೇದಿಕೆಯ ಮೈಕಿನಲ್ಲಿ, ಕೊನೆಗೆ ಪೊಲೀಸ್ ಠಾಣೆಯಲ್ಲಿ ಜಾರಿಗೆ ತರುವುದು ಹೇಗೆ ಎಂಬುದಷ್ಟೇ ಈ ಪತ್ರದ ವಿಷಯ.

ಹತ್ತು ಸಾವಿರ ಕುರ್ಚಿ ಹಾಕಿದ ಪೆಂಡಾಲನ್ನೇ ತೆಗೆದುಕೊಳ್ಳಿ. ವೇದಿಕೆ, ಅದರ ಮುಂದೆ ಖಾಲಿ ಬಿಟ್ಟ ‘ಡಿ’, ಡಿ ದಾಟಿದರೆ ಗಣ್ಯರ ಸೋಫಾ, ಕ್ಯಾಮೆರಾದವರ ಅಟ್ಟಣಿಗೆ, ಅದರ ಹಿಂದೆ ಜನ. ಪೊಲೀಸರು ಎಲ್ಲಿರುತ್ತಾರೆ? ಡಿ ಸುತ್ತ, ಮೆಟಲ್ ಡಿಟೆಕ್ಟರ್ ಬಾಗಿಲಲ್ಲಿ, ಪಾರ್ಕಿಂಗಿನಲ್ಲಿ, ನಾಯಕರ ಕಾರು ಬರುವ ದಾರಿಯಲ್ಲಿ. ಒಟ್ಟಿನಲ್ಲಿ ಅಂಚಿನಲ್ಲಿ. ಜನರ ನಡುವೆ ಇರುವವರು ಹೆಗಲ ಮೇಲೆ ಪಕ್ಷದ ಶಾಲು, ಕೊರಳಲ್ಲಿ ‘ಸ್ವಯಂಸೇವಕ’ ಎಂಬ ಬ್ಯಾಡ್ಜು ಹಾಕಿಕೊಂಡ ಹುಡುಗರು ಮಾತ್ರ. ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದಕ್ಕೊಂದು ಒತ್ತಿ ಹಾಕಿರುತ್ತಾರೆ. ಬೆಳಿಗ್ಗೆ ಬಿಟ್ಟಿದ್ದ ಓಡಾಟದ ದಾರಿಗೂ, ಜನ ಬಂದಂತೆಲ್ಲ, ಹೆಚ್ಚುವರಿ ಕುರ್ಚಿ ಬಂದು ಕೂರುತ್ತವೆ.

ಈಗ ನಲವತ್ತನೇ ಸಾಲಿನ ನಟ್ಟನಡುವೆ ಒಬ್ಬ ಎದ್ದು ‘ನಮ್ಮೂರಿಗೆ ನೀರು ಎಲ್ಲಿ?’ ಎಂದು ಬರೆದ ಕಾಗದ ಎತ್ತಿ ಹಿಡಿಯುತ್ತಾನೆ. ಪಕ್ಕದವರು ಅಂಗಿ ಜಗ್ಗುತ್ತಾರೆ. ಇದರಲ್ಲಿ ದ್ವೇಷವಿರುವುದು ಕಡಿಮೆ. ‘ಕೂತ್ಕೊಳಪ್ಪ, ಸ್ಟೇಜ್ ಕಾಣಿಸ್ತಿಲ್ಲ’ ಅಷ್ಟೇ. ಹಿಂದಿನ ಸಾಲಿನಿಂದ ಒಂದು ಕೈ ಬಂದು ಕಾಗದ ಕಿತ್ತುಕೊಳ್ಳುತ್ತದೆ. ಆಮೇಲೆ ‘ಯಾವ ಪಾರ್ಟಿಯವನೋ ನೀನು?’ ಎಂಬ ಪ್ರಶ್ನೆ. ಅವನು ಯಾವ ಉತ್ತರ ಕೊಟ್ಟರೂ ಅಲ್ಲಿಂದ ಮುಂದೆ ಅವನನ್ನು ಮತದಾರ ಎಂದು ಯಾರೂ ನೋಡುವುದಿಲ್ಲ. ಅವನು ಮೊಬೈಲ್ ತೆಗೆದರೆ ಅದನ್ನು ಕಸಿಯುತ್ತಾರೆ. ಅಷ್ಟರಲ್ಲಿ ಶಾಲಿನ ಹುಡುಗರು ನಾಲ್ಕು ಕಡೆಯಿಂದ ತಲುಪಿರುತ್ತಾರೆ. ಅಂಚಿನಲ್ಲಿದ್ದ ಕಾನ್‌ಸ್ಟೆಬಲ್ ಕುರ್ಚಿ ಸರಿಸುತ್ತ, ಜನರನ್ನು ದಾಟುತ್ತ ಬರುವ ಹೊತ್ತಿಗೆ ಅವನ ಅಂಗಿ ಹರಿದಿರುತ್ತದೆ. ಹೊಡೆದವರು ಕುಳಿತಿರುತ್ತಾರೆ. ನಿಂತವನು ಅವನೊಬ್ಬನೇ. ಕಾನ್‌ಸ್ಟೆಬಲ್ ಕಣ್ಣಿಗೆ ‘ಗಲಾಟೆ ಮಾಡಿದವನು’ ಎಂದು ಕಾಣುವವನೂ ಅವನೊಬ್ಬನೇ.

ಇಲ್ಲಿ ಕೆಟ್ಟದ್ದು ಜನರ ಸ್ವಭಾವಕ್ಕಿಂತ ಹೆಚ್ಚಾಗಿ ಕುರ್ಚಿ ಹಾಕಿದ ರೀತಿ. ಹಾಗಾಗಿ ನಮ್ಮ ಮೊದಲ ಕೋರಿಕೆ ಪೆಂಡಾಲಿನವರಿಗೇ ಅರ್ಥವಾಗುವಂಥದು. ಇನ್ನೂರು ಕುರ್ಚಿಗೆ ಒಂದು ಬ್ಲಾಕ್. ಬ್ಲಾಕಿನ ನಾಲ್ಕೂ ಬದಿ ಆರಡಿ ದಾರಿ. ದಾರಿಯ ಅಂಚಿಗೆ ಹಗ್ಗ ಕಟ್ಟಬೇಕು, ಇಲ್ಲದಿದ್ದರೆ ಅರ್ಧ ಗಂಟೆಯಲ್ಲಿ ಅಲ್ಲಿಗೂ ಕುರ್ಚಿ ಬರುತ್ತದೆ. ಸಾವಿರ ಕುರ್ಚಿಗೆ ನಾಲ್ವರ ಒಂದು ಪೊಲೀಸ್ ತಂಡ: ಒಬ್ಬ ಪಿಎಸ್‌ಐ ಅಥವಾ ಎಎಸ್‌ಐ, ಇಬ್ಬರು ಕಾನ್‌ಸ್ಟೆಬಲ್, ಒಬ್ಬ ಮಹಿಳಾ ಕಾನ್‌ಸ್ಟೆಬಲ್. ಹತ್ತು ಸಾವಿರಕ್ಕೆ ನಲವತ್ತು ಜನವಾಯಿತು. ಇದು ಹೊಸದಾಗಿ ತರಬೇಕಾದ ಸಂಖ್ಯೆಯಲ್ಲ. ಅಂಚಿನಲ್ಲಿ ನಿಂತವರಲ್ಲೇ ಒಂದಿಷ್ಟು ಮಂದಿಯನ್ನು ದಾರಿಗಳು ಕೂಡುವ ಕಡೆ ನಿಲ್ಲಿಸಿದರೆ ಆಯಿತು. ಯಾವ ಕುರ್ಚಿಗೇ ಆಗಲಿ ಒಂದು ನಿಮಿಷದಲ್ಲಿ ತಲುಪುವಂತಿದ್ದರೆ ಸ್ವಯಂಸೇವಕರಿಗೆ ‘ಪೊಲೀಸರು ಬರಲಿಲ್ಲ, ಅದಕ್ಕೇ ನಾವು ಹಿಡಿದೆವು’ ಎನ್ನಲು ಬರುವುದಿಲ್ಲ.

ಖರ್ಚಾಗುತ್ತದೆ, ಜಾಗ ಹಾಳಾಗುತ್ತದೆ, ಮೈದಾನ ತುಂಬಿದಂತೆ ಕಾಣುವುದಿಲ್ಲ ಎಂದು ಸಂಘಟಕರು ಹೇಳುತ್ತಾರೆ. ಕೊನೆಯದೇ ನಿಜವಾದ ಕಾರಣ, ನಮಗೂ ಗೊತ್ತು. ಡ್ರೋನ್ ಚಿತ್ರದಲ್ಲಿ ದಾರಿಗಳು ಬೋಳಾಗಿ ಕಾಣುತ್ತವೆ. ಆದರೆ 2025ರ ಸೆಪ್ಟೆಂಬರ್ 27ರಂದು ತಮಿಳುನಾಡಿನ ಕರೂರಿನ ಪ್ರಚಾರ ಸಭೆಯ ನೂಕುನುಗ್ಗಲಿನಲ್ಲಿ 41 ಜನ ಸತ್ತರು. ಆ ದುರಂತಕ್ಕೂ ಪ್ರತಿಭಟನೆಗೂ ಸಂಬಂಧವಿಲ್ಲ. ಸಂಬಂಧ ಇರುವುದು ಇಕ್ಕಟ್ಟಿಗೆ: ಉಸಿರಾಡಲು ಜಾಗವಿಲ್ಲದ ಕಡೆ ಒಬ್ಬನನ್ನು ನಾಲ್ಕು ಜನ ಎಳೆದಾಡಿದರೆ, ಏನಾಯಿತೆಂದು ನೋಡಲು ಹಿಂದಿನವರು ಮುಂದೆ ನುಗ್ಗುತ್ತಾರೆ, ಹೆದರಿದ ಮುಂದಿನವರು ಹಿಂದೆ ಸರಿಯುತ್ತಾರೆ. ಪ್ರತಿಭಟನಕಾರನಿಗೆಂದು ಬಿಟ್ಟ ದಾರಿ ಆಂಬುಲೆನ್ಸಿನ ಸ್ಟ್ರೆಚರಿಗೂ ಅದೇ ದಾರಿ.

ಇನ್ನು ಹೊರಗೆ ಕರೆದೊಯ್ಯುವ ಬಗೆ. ಹೆಚ್ಚಿನ ಏಟು ಬೀಳುವುದು ಈ ಹಂತದಲ್ಲಿ, ಅದೂ ಪೊಲೀಸರ ಕೈಯಲ್ಲಿದ್ದಾಗಲೇ.

ಇದಕ್ಕೆ ಚೆನ್ನಾಗಿ ದಾಖಲಾಗಿರುವ ಉದಾಹರಣೆ ಅಮೆರಿಕದ್ದು. 2016ರ ಮಾರ್ಚ್ 9ರಂದು ನಾರ್ತ್ ಕ್ಯಾರೊಲೈನಾದ ಫೆಯೆಟ್‌ವಿಲ್‌ನಲ್ಲಿ ಡೊನಾಲ್ಡ್ ಟ್ರಂಪ್ ಅವರ ಪ್ರಚಾರ ಸಭೆ. ಪ್ರತಿಭಟಿಸಿದ ಯುವಕನೊಬ್ಬನನ್ನು ಶೆರಿಫ್ ಕಚೇರಿಯ ಸಿಬ್ಬಂದಿ ಮೆಟ್ಟಿಲು ಹತ್ತಿಸಿ ಹೊರಗೆ ಕರೆದೊಯ್ಯುತ್ತಿದ್ದರು. ಸಾಲಿನ ಅಂಚಿನಲ್ಲಿದ್ದ ವೃದ್ಧ ಬೆಂಬಲಿಗನೊಬ್ಬ ಅವನ ಮುಖಕ್ಕೆ ಹೊಡೆದ. ಸಿಬ್ಬಂದಿ ನೆಲಕ್ಕೆ ಒತ್ತಿ ಹಿಡಿದದ್ದು ಏಟು ತಿಂದವನನ್ನು. ಹೊಡೆದವನು ಸಭೆಯಲ್ಲೇ ಉಳಿದ. ವಿಡಿಯೊ ಎಲ್ಲ ಕಡೆ ಹರಡಿದ ಮೇಲೆ, ಮರುದಿನ ಅವನನ್ನು ಹಿಡಿದರು. ಮುಂದೆ ಐವರು ಸಿಬ್ಬಂದಿಯ ಮೇಲೆ ಶಿಸ್ತುಕ್ರಮವಾಯಿತು. ಅವರು ಪಕ್ಷಪಾತಿಗಳೇ ಆಗಿರಬೇಕೆಂದಿಲ್ಲ. ಅವರ ಗಮನವೆಲ್ಲ ಹಿಡಿದವನ ಮೇಲಿತ್ತು, ಜನರ ಮೇಲಿರಲಿಲ್ಲ. ನಮ್ಮಲ್ಲೂ ಆಗುವುದು ಇದೇ.

ಆದ್ದರಿಂದ ನಾಲ್ವರಲ್ಲಿ ಒಬ್ಬರು ಮುಂದೆ ದಾರಿ ಬಿಡಿಸುತ್ತ ಹೋಗಬೇಕು. ಇಬ್ಬರು ಎರಡು ಬದಿಗೆ. ನಾಲ್ಕನೆಯವರು ಹಿಂದೆ, ಆದರೆ ಮುಖ ಜನರ ಕಡೆಗೆ ತಿರುಗಿಸಿ. ಏಕೆಂದರೆ ಎದುರಿನಿಂದ ಹೊಡೆಯುವವನ ಮುಖ ಕಾಣುತ್ತದೆ, ಅವನಿಗೆ ಹೆದರಿಕೆ ಇರುತ್ತದೆ. ಕುತ್ತಿಗೆಗೆ, ಬೆನ್ನಿಗೆ ಬೀಳುವ ಗುದ್ದೆಲ್ಲ ಹಿಂದಿನಿಂದ ಬರುವಂಥದ್ದು. ಹಿಡಿದವನ ಎರಡೂ ತೋಳನ್ನು ಹಿಂದಕ್ಕೆ ತಿರುಚಬಾರದು. ಹಾಗೆ ಮಾಡಿದರೆ ಅವನ ಮುಖ ತೆರೆದ ಗುರಿಯಾಗುತ್ತದೆ, ಅಡ್ಡ ಹಿಡಿಯಲು ಕೈ ಇರುವುದಿಲ್ಲ. ನಡುವಿನ ದೊಡ್ಡ ದಾರಿಯಲ್ಲಿ, ವೇದಿಕೆಯ ಮುಂದಿನಿಂದ ಮೆರವಣಿಗೆ ಮಾಡಿಸಬಾರದು. ಹತ್ತಿರದ ಬದಿಯಿಂದ ಹೊರಗೆ. ಮೊಬೈಲು, ಕನ್ನಡಕ, ಚಪ್ಪಲಿ ಬಿದ್ದಿದ್ದರೆ ಆಗಲೇ ಎತ್ತಿ ಕೊಡಬೇಕು, ಆಮೇಲೆ ಸಿಗುವುದಿಲ್ಲ.

ಹೊರಗೆ ತಂದ ಮೇಲೆ ಮುಖ್ಯದ್ವಾರದಲ್ಲಿ ‘ಹೋಗಪ್ಪ’ ಎಂದು ಬಿಟ್ಟುಬಿಡುವ ರೂಢಿಯಿದೆ. ಅಲ್ಲಿ ತಡವಾಗಿ ಬಂದ ಬೆಂಬಲಿಗರು, ಟ್ರ್ಯಾಕ್ಸ್, ಟೆಂಪೊಗಳ ಚಾಲಕರು, ಕ್ಲೀನರುಗಳು, ಊಟದ ಪೊಟ್ಟಣಕ್ಕೆ ಕಾದವರು ಎಲ್ಲ ಇರುತ್ತಾರೆ. ಎರಡನೇ ಸುತ್ತಿನ ಏಟು ಅಲ್ಲಿ. ಜೀಪಿನಲ್ಲಿ ಬಸ್ ನಿಲ್ದಾಣದವರೆಗೆ ಬಿಟ್ಟು ಬಂದರೆ ಐದು ನಿಮಿಷದ ಕೆಲಸ.

ಪ್ರಶ್ನೆ ಕೇಳುವುದು ಅಪರಾಧವೇ? ಇದರ ಬಗ್ಗೆ ಠಾಣೆಗಳಲ್ಲಿ ಗೊಂದಲವಿದೆ, ಬಿಡಿಸಿ ಹೇಳುತ್ತೇವೆ. 1951ರ ಜನಪ್ರಾತಿನಿಧ್ಯ ಕಾಯ್ದೆಯ 127ನೇ ಕಲಂ ಚುನಾವಣಾ ಸಭೆಯಲ್ಲಿ ಗದ್ದಲ ಎಬ್ಬಿಸುವವರಿಗೆ ಆರು ತಿಂಗಳವರೆಗೆ ಜೈಲು ಅಥವಾ ಎರಡು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ ಎನ್ನುತ್ತದೆ. ಆದರೆ ಅದರೊಳಗೆ ಎರಡು ಷರತ್ತುಗಳಿವೆ. ನಡವಳಿಕೆ ಅಶಿಸ್ತಿನದಾಗಿರಬೇಕು, ಸಭೆಯ ಕಲಾಪವನ್ನು ನಿಲ್ಲಿಸುವುದೇ ಅದರ ಉದ್ದೇಶವಾಗಿರಬೇಕು. ಸುಮ್ಮನೆ ಕಾಗದ ಎತ್ತಿ ಹಿಡಿದವನು ಇದರೊಳಗೆ ಬರುವುದಿಲ್ಲ. ಒಂದು ಪ್ರಶ್ನೆ ಕೂಗಿ ಕುಳಿತವನೂ ಬರುವುದಿಲ್ಲ. ಹತ್ತು ಜನ ಸೇರಿ ಭಾಷಣ ಕೇಳಿಸದಂತೆ ಎಡೆಬಿಡದೆ ಕೂಗಿದರೆ ಬರುತ್ತಾರೆ.

ಅದೇ ಕಲಂನ ಮೂರನೇ ಉಪಕಲಂ ಇನ್ನೂ ಉಪಯುಕ್ತ. ಸಭೆಯ ಅಧ್ಯಕ್ಷರು ಕೇಳಿಕೊಂಡರೆ ಪೊಲೀಸ್ ಅಧಿಕಾರಿ ಶಂಕಿತನ ಹೆಸರು, ವಿಳಾಸ ಕೇಳಬಹುದು. ಹೇಳಲು ಒಪ್ಪದಿದ್ದರೆ ಅಥವಾ ಸುಳ್ಳು ಹೇಳುತ್ತಿದ್ದಾನೆಂದು ಅನಿಸಿದರೆ ವಾರಂಟ್ ಇಲ್ಲದೆ ಬಂಧಿಸಬಹುದು. ಅಂದರೆ ಶಾಸನವೇ ಒಂದು ಕ್ರಮ ಹೇಳಿಕೊಟ್ಟಿದೆ: ಮೊದಲು ನೋಟ್‌ಬುಕ್ಕು, ಆಮೇಲೆ ಜೀಪು. ತೊಂದರೆ ಏನೆಂದರೆ, ‘ಸಭೆಯ ಅಧ್ಯಕ್ಷ’ ಯಾರೆಂದು ಸಭೆಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಅನುಮತಿ ಅರ್ಜಿಗೆ ಸಹಿ ಹಾಕಿದ ತಾಲ್ಲೂಕು ಪದಾಧಿಕಾರಿ ಆ ದಿನ ನಾಯಕರ ಕಾರಿನ ಹಿಂದೆ ಓಡುತ್ತಿರುತ್ತಾರೆ. ಚುನಾವಣಾ ಆಯೋಗದ ಆನ್‌ಲೈನ್ ಅನುಮತಿ ವ್ಯವಸ್ಥೆ ‘ಸುವಿಧಾ’ ಮೂಲಕ ಅರ್ಜಿ ಹಾಕುವಾಗಲೇ ಸಭೆಯ ಹೊಣೆಗಾರನೊಬ್ಬನ ಹೆಸರು, ಮೊಬೈಲ್ ಸಂಖ್ಯೆ ಬರೆಸಿಕೊಳ್ಳಿ. ಸಭೆ ಮುಗಿಯುವವರೆಗೆ ವೇದಿಕೆಯ ಎಡಬದಿ ಬಿಟ್ಟು ಕದಲಬಾರದೆಂಬ ಷರತ್ತು ಹಾಕಿ.

ದಿನಾಂಕದ ತೊಡಕೊಂದಿದೆ. 127ನೇ ಕಲಂ ಅನ್ವಯವಾಗುವುದು ಚುನಾವಣೆಯ ಅಧಿಸೂಚನೆ ಹೊರಟ ದಿನದಿಂದ ಮತದಾನದ ದಿನದವರೆಗೆ. ನೀತಿ ಸಂಹಿತೆ ಜಾರಿಯಾಗುವುದು ಅದಕ್ಕೂ ಮೊದಲೇ, ವೇಳಾಪಟ್ಟಿ ಪ್ರಕಟವಾದ ಗಳಿಗೆಯಿಂದ. 2023ರ ವಿಧಾನಸಭಾ ಚುನಾವಣೆಯ ವೇಳಾಪಟ್ಟಿ ಪ್ರಕಟವಾದದ್ದು ಮಾರ್ಚ್ 29ಕ್ಕೆ, ಅಧಿಸೂಚನೆ ಏಪ್ರಿಲ್ 13ಕ್ಕೆ. ನಡುವಿನ ಹದಿನೈದು ದಿನದ ಸಭೆಗಳಿಗೆ 127 ಹಾಕಲು ಬರುತ್ತಿರಲಿಲ್ಲ. ಸಂಹಿತೆ ಇತ್ತು, ಆದರೆ ಅದಕ್ಕೆ ಶಾಸನದ ಬಲವಿಲ್ಲ. ಹೀಗಾಗಿಯೇ ಆ ಎರಡನೇ ವಾಕ್ಯ ಅನುಮತಿ ಪತ್ರದ ಷರತ್ತಾಗಿ ಅಚ್ಚಾಗಬೇಕು ಎನ್ನುತ್ತಿದ್ದೇವೆ. ಷರತ್ತು ಮುರಿದ ಸಂಘಟಕರ ಮುಂದಿನ ಅರ್ಜಿ ಬಂದಾಗ ಹಿಂದಿನ ಸಭೆಯ ವರದಿ ಮೇಜಿನ ಮೇಲಿರಲಿ.

ಈಗ ಏಟು ತಿಂದವನು ಠಾಣೆಗೆ ಹೋದಾಗ ಏನಾಗುತ್ತದೆ ನೋಡಿ. ಕಪಾಳಕ್ಕೆ ಹೊಡೆದರೆ ಭಾರತೀಯ ನ್ಯಾಯ ಸಂಹಿತೆಯ 115(2). ಒಂದು ವರ್ಷದವರೆಗೆ ಶಿಕ್ಷೆ ಇದ್ದರೂ ಅದು ಅಸಂಜ್ಞೇಯ ಅಪರಾಧ. ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ‘ಎನ್‌ಸಿಆರ್ ಮಾಡಿದ್ದೀವಿ, ಹೋಗಿ’ ಎಂಬ ಮಾತಿನ ಅರ್ಥ ಇದು: ಅಸಂಜ್ಞೇಯ ಅಪರಾಧದ ವರದಿ ಬರೆದುಕೊಂಡು ಕೈತೊಳೆಯುವುದು. ಹಾಗಿದ್ದರೂ ಎಳೆದಾಡಿದವರು ಅವನನ್ನು ಹೋಗಬೇಕಾದ ಕಡೆ ಹೋಗಲು ಬಿಡದೆ ತಡೆದಿದ್ದರೆ ಅದು 126(2), ಅಕ್ರಮ ತಡೆ. ಅದು ಸಂಜ್ಞೇಯ, ಅಂದರೆ ಪೊಲೀಸರು ತಾವೇ ತನಿಖೆಗೆ ಇಳಿಯಬಹುದಾದದ್ದು. ಪೆಂಡಾಲಿನ ಹಿಂದೆ ಕೂಡಿ ಹಾಕಿದ್ದರೆ 127(2), ಅದೂ ಸಂಜ್ಞೇಯ. (ಜನಪ್ರಾತಿನಿಧ್ಯ ಕಾಯ್ದೆಯ 127 ಬೇರೆ, ಇದು ಬೇರೆ, ದೂರಿನಲ್ಲಿ ಕಾಯ್ದೆಯ ಹೆಸರು ಬರೆಯದೆ ಬರೀ ಸಂಖ್ಯೆ ಬರೆದು ಎಡವಟ್ಟಾಗುವುದುಂಟು.) ಐದು ಅಥವಾ ಹೆಚ್ಚು ಜನ ಸೇರಿ ಬಲಪ್ರಯೋಗ ಮಾಡಿದ್ದರೆ 191, ದೊಂಬಿ. ಹಲವು ಅಪರಾಧಗಳಲ್ಲಿ ಒಂದಾದರೂ ಸಂಜ್ಞೇಯವಾಗಿದ್ದರೆ ಇಡೀ ಪ್ರಕರಣವೇ ಸಂಜ್ಞೇಯ ಎಂದು ನಾಗರಿಕ ಸುರಕ್ಷಾ ಸಂಹಿತೆಯ 174ನೇ ಕಲಂ ಹೇಳುತ್ತದೆ. ಹಾಗಾಗಿ ದೂರಿನಲ್ಲಿ ‘ನನ್ನನ್ನು ಹೊಡೆದರು’ ಎಂದಷ್ಟೇ ಬರೆದರೆ ಎನ್‌ಸಿಆರ್. ಯಾರು ಎಲ್ಲಿ ಹಿಡಿದರು, ಎಷ್ಟು ಜನ, ಹೊರಗೆ ಹೋಗಲು ಹೇಗೆ ಬಿಡಲಿಲ್ಲ ಎಂದು ಬರೆದರೆ ಎಫ್‌ಐಆರ್. ಸಭೆಯ ಜಾಗ ಬೇರೆ ಠಾಣೆಗೆ ಸೇರಿದ್ದರೂ ನಾಗರಿಕ ಸುರಕ್ಷಾ ಸಂಹಿತೆಯದೇ 173ನೇ ಕಲಂನಂತೆ ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು. ಠಾಣಾಧಿಕಾರಿಗಳು ಇದನ್ನೆಲ್ಲ ಬಲ್ಲರು. ಬರೆಸಿಕೊಳ್ಳುವಾಗ ಕೇಳುವುದಿಲ್ಲ, ಅಷ್ಟೇ. ಹೊಡೆಸಿಕೊಂಡವನ ಮೇಲೆ ಪ್ರಕರಣವಾದ ದಿನವೇ ಹೊಡೆದವರ ಮೇಲಿನ ದೂರೂ ದಾಖಲಾಗಬೇಕೆಂದು ಮಹಾನಿರ್ದೇಶಕರು ಒಂದು ಸುತ್ತೋಲೆ ಹೊರಡಿಸಲಿ.

ನೋಡಿದ ಸಾರ್ವಜನಿಕರು ನೀತಿ ಸಂಹಿತೆ ಉಲ್ಲಂಘನೆಯ ದೂರಿಗೆಂದೇ ಇರುವ ಚುನಾವಣಾ ಆಯೋಗದ ಆ್ಯಪ್ ಸಿ-ವಿಜಿಲ್ ಬಳಸಬಹುದು. ಅದರಲ್ಲಿ ಆಗಲೇ ತೆಗೆದ ಚಿತ್ರ ಅಥವಾ ಎರಡು ನಿಮಿಷದೊಳಗಿನ ವಿಡಿಯೊ ಮಾತ್ರ ಹೋಗುತ್ತದೆ, ಗ್ಯಾಲರಿಯಲ್ಲಿರುವ ಹಳೆಯದು ಹೋಗುವುದಿಲ್ಲ. ದೂರಿಗೆ ನೂರು ನಿಮಿಷದಲ್ಲಿ ಸ್ಪಂದಿಸಬೇಕೆಂಬುದು ಆಯೋಗದ್ದೇ ಲೆಕ್ಕ. ಆದರೆ ದೂರು ಬಂದ ಕಡೆ ಹೋಗುವ ಸಂಚಾರಿ ದಳದವರ ತಲೆಯಲ್ಲಿ ಹಣ, ಹೆಂಡ, ಸೀರೆ, ಕುಕ್ಕರು ಇರುತ್ತವೆ. ಹರಿದ ಅಂಗಿಯೂ ಉಲ್ಲಂಘನೆಯೇ ಎಂದು ತರಬೇತಿಯಲ್ಲಿ ಹೇಳಿಕೊಡಬೇಕು.

ಸಭೆಗೆ ಮೊದಲೇ ನಡೆಯುವ ಕಥೆ ಇನ್ನೊಂದು. ನಾಯಕರು ಬರುವ ಹಿಂದಿನ ರಾತ್ರಿ ರೈತ ಮುಖಂಡರ, ಸಂಘಟನೆಯವರ ಮನೆ ಬಾಗಿಲಲ್ಲಿ ಪೊಲೀಸರು. ಬೆಳಿಗ್ಗೆ ವಶಕ್ಕೆ ತೆಗೆದು ಯಾವುದೋ ಕಲ್ಯಾಣ ಮಂಟಪದಲ್ಲಿ ಕೂರಿಸಿ, ಉಪ್ಪಿಟ್ಟು ಕೊಟ್ಟು, ಹೆಲಿಕಾಪ್ಟರ್ ಹಾರಿದ ಮೇಲೆ ಬಿಡುವುದು. ಕಾಗದದಲ್ಲಿ ಇದಕ್ಕೆ ಮುನ್ನೆಚ್ಚರಿಕೆ ಬಂಧನ ಎಂದು ಹೆಸರು. ನಾಗರಿಕ ಸುರಕ್ಷಾ ಸಂಹಿತೆಯ ಕಲಂ 170, ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ 151. ಆ ಕಲಂ ಕೇಳುವುದು ಸಂಜ್ಞೇಯ ಅಪರಾಧ ಮಾಡುವ ಸಂಚಿನ ಖಚಿತ ತಿಳಿವಳಿಕೆ ಮತ್ತು ಬಂಧನವಲ್ಲದೆ ತಡೆಯಲು ಬೇರೆ ದಾರಿಯಿಲ್ಲದ ಸ್ಥಿತಿ. ಕಪ್ಪು ಬಾವುಟ ತೋರಿಸುವುದು ಸಂಜ್ಞೇಯ ಅಪರಾಧವಲ್ಲ. ಬಾವುಟ ಬೀಸುವುದು ಕಾನೂನುಬಾಹಿರವಲ್ಲ, ಮಾನಹಾನಿಯೂ ಅಲ್ಲ ಎಂದು ಕೇರಳ ಹೈಕೋರ್ಟ್ 2024ರ ನವೆಂಬರಿನಲ್ಲಿ ಹೇಳಿತು; ಅದು ಮುಖ್ಯಮಂತ್ರಿಯ ವಾಹನ ಸಾಲಿಗೆ ಬಾವುಟ ತೋರಿಸಿದವರದೇ ಪ್ರಕರಣ. ನಿಷೇಧಾಜ್ಞೆಯ ಮಾತು ಬಂದರೆ, 2019ರ ಡಿಸೆಂಬರ್ 18ರಂದು ಬೆಂಗಳೂರಿನಲ್ಲಿ ಹೊರಡಿಸಿದ್ದ 144ರ ಆದೇಶವನ್ನು ನಮ್ಮ ಹೈಕೋರ್ಟೇ 2020ರ ಫೆಬ್ರುವರಿಯಲ್ಲಿ ಕಾನೂನುಬಾಹಿರ ಎಂದಿದೆ.

ಕಪ್ಪು ಬಣ್ಣದ ಹೆದರಿಕೆ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಜಾರ್ಖಂಡಿನ ಪಲಾಮು ಸಾಕ್ಷಿ. 2019ರ ಜನವರಿ 5ರ ಪ್ರಧಾನಿ ಸಭೆಗೆ ಮೊದಲು ಅಲ್ಲಿನ ಪೊಲೀಸ್ ವರಿಷ್ಠಾಧಿಕಾರಿ ಕಪ್ಪು ಬಟ್ಟೆ, ಚೀಲ, ಬೂಟು, ಕಾಲುಚೀಲ ಯಾವುದೂ ಒಳಗೆ ಬರಕೂಡದೆಂದು ಪತ್ರ ಬರೆದರು. ನಗೆಪಾಟಲಾದ ಮೇಲೆ ಹಿಂದಕ್ಕೆ ಪಡೆದರು. ನಮ್ಮಲ್ಲಿ ಲಿಖಿತ ಆದೇಶ ಇರುವುದಿಲ್ಲ, ಬಾಗಿಲಲ್ಲಿ ನಿಂತವರು ತಾವೇ ತೀರ್ಮಾನಿಸುತ್ತಾರೆ. ಕಾರ್ತಿಕ ಮಾಸದಿಂದ ಸಂಕ್ರಾಂತಿಯವರೆಗೆ ಮಾಲೆ ಹಾಕಿದ ಅಯ್ಯಪ್ಪ ಭಕ್ತರು ಕಪ್ಪುಡುಗೆಯಲ್ಲೇ ಓಡಾಡುತ್ತಾರೆ, ಅವರಿಗೇನು ಹೇಳುತ್ತೀರಿ? ಕೋರ್ಟಿನಿಂದ ನೇರ ಬಂದ ವಕೀಲರಿಗೆ? ಬುರ್ಖಾ ತೊಟ್ಟವರಿಗೆ? ಹಿಡಿಕೆಯ ಕೊಡೆ ತಡೆಯಿರಿ, ಕೋಲು ತಡೆಯಿರಿ, ನೀರಿನ ಬಾಟಲಿ ಬೇಕಿದ್ದರೂ ತಡೆಯಿರಿ. ಅವು ಎಸೆಯುವ, ಹೊಡೆಯುವ ವಸ್ತುಗಳು. ದುಪಟ್ಟಾ ಅಲ್ಲ. ತಡೆದ ವಸ್ತುವಿಗೆ ಟೋಕನ್ ಕೊಟ್ಟು ಮರಳಿ ಕೊಡುವ ಏರ್ಪಾಡೂ ಇರಲಿ. ಈಗ ಬಾಗಿಲಲ್ಲಿ ಗುಡ್ಡೆ ಬಿದ್ದು ಕಸವಾಗುತ್ತವೆ.

ಪೊಲೀಸರು ಹೀಗೇಕೆ ಅತಿ ಮಾಡುತ್ತಾರೆ ಎಂದು ಕೇಳುವವರು ಬೆಳಗಾವಿಯನ್ನು ನೆನೆಯಬೇಕು. 2025ರ ಏಪ್ರಿಲ್ 28ರಂದು ಸಿಪಿಇಡ್ ಮೈದಾನದ ಕಾಂಗ್ರೆಸ್ ಸಮಾವೇಶದಲ್ಲಿ ಬಿಜೆಪಿಯ ಮಹಿಳಾ ಕಾರ್ಯಕರ್ತರು ಕಪ್ಪು ಬಟ್ಟೆ ತೋರಿಸಿ ಘೋಷಣೆ ಕೂಗಿದರು. ಮುಖ್ಯಮಂತ್ರಿ ಸಿದ್ದರಾಮಯ್ಯನವರು ಬಂದೋಬಸ್ತಿನಲ್ಲಿದ್ದ ಹೆಚ್ಚುವರಿ ಎಸ್‌ಪಿಯೊಬ್ಬರನ್ನು ವೇದಿಕೆಗೆ ಕರೆದು, ಕ್ಯಾಮೆರಾಗಳ ಮುಂದೆಯೇ ಹೊಡೆಯುವಂತೆ ಕೈ ಎತ್ತಿದರು. ಆ ಅಧಿಕಾರಿ ಆಮೇಲೆ ಸ್ವಯಂನಿವೃತ್ತಿ ಕೋರಿದರು. ಅದು ಚುನಾವಣೆಯ ಸಭೆಯಲ್ಲ, 127ಕ್ಕೂ ನೀತಿ ಸಂಹಿತೆಗೂ ಅಲ್ಲಿ ಕೆಲಸವಿರಲಿಲ್ಲ. ಆದರೆ ಅದನ್ನು ಟಿವಿಯಲ್ಲಿ ನೋಡಿದ ರಾಜ್ಯದ ಪ್ರತಿ ಪಿಎಸ್‌ಐ ಒಂದು ಪಾಠ ಕಲಿತಿರುತ್ತಾರೆ: ಒಂದು ಕಪ್ಪು ಕರವಸ್ತ್ರ ಒಳಗೆ ಹೋದರೆ ನನ್ನ ಗತಿ ಇದು. ಅಲ್ಲಿಂದ ಮುಂದೆ ಅವರು ಕಲಂ ಓದುವುದಿಲ್ಲ, ಎಲ್ಲರನ್ನೂ ತಡೆಯುತ್ತಾರೆ. ಘೋಷಣೆ ಕೇಳಿಬಂದದ್ದೇ ಬಂದೋಬಸ್ತಿನ ಲೋಪವಲ್ಲ, ಯಾರಿಗಾದರೂ ಗಾಯವಾದರೆ ಅದು ಲೋಪ ಎಂದು ಮಹಾನಿರ್ದೇಶಕರು ತಮ್ಮವರಿಗೆ ಬರವಣಿಗೆಯಲ್ಲಿ ಭರವಸೆ ಕೊಟ್ಟರೆ ಅರ್ಧ ಸಮಸ್ಯೆ ಕಳೆಯುತ್ತದೆ.

ಹೊರಗಿನ ಪ್ರತಿಭಟನೆಗೆ ಜಾಗ ಕೊಡಿ. ಬೆಂಗಳೂರಿನಲ್ಲಿ 2021ರ ಪರವಾನಗಿ ಆದೇಶದಂತೆ ಪ್ರತಿಭಟನೆ ಎಂದರೆ ಫ್ರೀಡಂ ಪಾರ್ಕ್. ನಾಯಕರ ಸಭೆ ಅರಮನೆ ಮೈದಾನದಲ್ಲಿ. ನಡುವೆ ಕಿಲೋಮೀಟರುಗಟ್ಟಲೆ ರಸ್ತೆ. 2018ರ ಫೆಬ್ರುವರಿ 4ರಂದು ಪ್ರಧಾನಿ ಸಭೆಯ ದಿನ ಪದವಿ ಗೌನು ತೊಟ್ಟು ಮೇಖ್ರಿ ವೃತ್ತದ ಬಳಿ ಪಕೋಡ ಮಾರಿದ ವಿದ್ಯಾರ್ಥಿಗಳನ್ನು ಪೊಲೀಸರು ವಶಕ್ಕೆ ತೆಗೆದುಕೊಂಡರು. 2024ರ ಏಪ್ರಿಲ್ 20ರಂದು ಅದೇ ಮೇಖ್ರಿ ವೃತ್ತದಲ್ಲಿ ಖಾಲಿ ಚೊಂಬು ಹಿಡಿದ ಯುವ ಕಾಂಗ್ರೆಸ್ಸಿಗರ ಸರದಿ. ಪಕೋಡಕ್ಕೂ ಚೊಂಬಿಗೂ ಹೆದರುವ ಬಂದೋಬಸ್ತು ಎಂಥದ್ದು ಎಂದು ನಕ್ಕು ಸುಮ್ಮನಾಗಬಹುದು. ಆದರೆ ಎರಡೂ ಸಲ ಜನ ಅಲ್ಲಿಗೇ ಹೋದದ್ದೇಕೆಂದರೆ, ಮಾತು ಮುಟ್ಟಬೇಕಾದವರು ಹಾದುಹೋಗುವ ದಾರಿ ಅದು. ಸಭೆಯ ಬಾಗಿಲಿಗೆ ಕಾಣುವಂತೆ, ಘೋಷಣೆ ಕೇಳುವಂತೆ ಒಂದು ಜಾಗ ಗುರುತಿಸಿ, ಎರಡು ಸಾಲು ಬ್ಯಾರಿಕೇಡ್ ಹಾಕಿ, ಸಾಲುಗಳ ನಡುವೆ ಮೂವತ್ತು ಮೀಟರ್ ಬಿಡಿ. ಮೂವತ್ತು ಏಕೆಂದರೆ ಅರ್ಧ ತುಂಬಿದ ನೀರಿನ ಬಾಟಲಿಯನ್ನು ಎಸೆದರೂ ಆಚೆಯವರ ತಲೆಗೆ ಬೀಳಬಾರದು. ನಡುವಿನ ಪಟ್ಟಿಯಲ್ಲಿ ಪೊಲೀಸರನ್ನು ಬಿಟ್ಟು ಯಾರೂ ಇರಬಾರದು, ಪಕ್ಷದ ವಾಹನವೂ ನಿಲ್ಲಬಾರದು. ರೋಡ್ ಶೋಗಳಿಗೆ ಇದೇ ಲೆಕ್ಕ ನಡೆಯುವುದಿಲ್ಲ. ಅಲ್ಲಿ ತೆರೆದ ವಾಹನದ ಮುಂದೆ ಬೈಕಿನಲ್ಲಿ ಸಾಗುವ ಹುಡುಗರನ್ನು ಹದ್ದುಬಸ್ತಿನಲ್ಲಿಟ್ಟರೆ ಸಾಕು.

ಪ್ರತಿಭಟಿಸುವವರಿಗೂ ಒಂದು ಮಾತು ಹೇಳದೆ ಹೋದರೆ ಈ ಪತ್ರ ಅರೆಬರೆಯಾಗುತ್ತದೆ. ನೀತಿ ಸಂಹಿತೆಯ ಮೊದಲ ಭಾಗ ಒಂದು ಪಕ್ಷದ ಕಾರ್ಯಕರ್ತರು ಇನ್ನೊಂದು ಪಕ್ಷದ ಸಭೆಗೆ ಹೋಗಿ ಪ್ರಶ್ನೆ ಕೇಳಿ, ಕರಪತ್ರ ಹಂಚಿ ಗೊಂದಲ ಎಬ್ಬಿಸುವುದನ್ನು ಸ್ಪಷ್ಟವಾಗಿ ಬೇಡ ಎನ್ನುತ್ತದೆ. ಮತದಾರನ ಪ್ರಶ್ನೆಯನ್ನಲ್ಲ, ಕಾರ್ಯಕರ್ತನ ಪ್ರಶ್ನೆಯನ್ನು. ಪದಾಧಿಕಾರಿಗಳೇ ಸಾಮಾನ್ಯ ಜನರ ವೇಷದಲ್ಲಿ ಹೋಗಿ ಕೂಗಿದರೆ ನಷ್ಟವಾಗುವುದು ನಿಜವಾದ ಮತದಾರನಿಗೆ. ‘ಯಾವ ಪಾರ್ಟಿಯವನೋ’ ಎಂಬ ಪ್ರಶ್ನೆಗೆ ಬಲ ಬರುವುದೇ ಇದರಿಂದ. ಮೊಟ್ಟೆ, ಮಸಿ, ಚಪ್ಪಲಿ ಎಸೆಯುವುದು ಪ್ರತಿಭಟನೆಯಲ್ಲ. 2022ರ ಆಗಸ್ಟಿನಲ್ಲಿ ಕೊಡಗಿಗೆ ಬಂದಿದ್ದ ಅಂದಿನ ವಿರೋಧ ಪಕ್ಷದ ನಾಯಕರ ಕಾರಿಗೆ ಮೊಟ್ಟೆ ಬಿತ್ತು. ಒಂದು ಪಕ್ಷ ಮಡಿಕೇರಿ ಚಲೋ ಎಂದಿತು, ಇನ್ನೊಂದು ಅದೇ ದಿನ ತನ್ನದೂ ಸಮಾವೇಶ ಎಂದಿತು, ಜಿಲ್ಲಾಡಳಿತ ನಿಷೇಧಾಜ್ಞೆ ಹೊರಡಿಸಿ ಇಬ್ಬರ ಬಾಯಿಯನ್ನೂ ಮುಚ್ಚಿತು.

ಇಷ್ಟೆಲ್ಲ ಏರ್ಪಾಡು ಮಾಡಿದರೂ, ಮೈಕ್ ಹಿಡಿದವರ ಒಂದು ಮಾತು ಅದನ್ನು ಕೆಡಿಸಬಹುದು. 2023ರ ನವೆಂಬರಿನಲ್ಲಿ ಕಣ್ಣೂರು ಜಿಲ್ಲೆಯ ಪಳಯಂಗಾಡಿಯಲ್ಲಿ ಕೇರಳದ ಮಂತ್ರಿಮಂಡಲ ಜನರ ಬಳಿಗೆ ಹೊರಟಿದ್ದ ಯಾತ್ರೆ ‘ನವಕೇರಳ ಸದಸ್ಸಿ’ನ ಬಸ್ಸಿಗೆ ಕಪ್ಪು ಬಾವುಟ ತೋರಿಸಿದವರನ್ನು ಸಿಪಿಎಂನ ಯುವ ಸಂಘಟನೆಯಾದ ಡಿವೈಎಫ್‌ಐನವರು ಹೆಲ್ಮೆಟ್ಟು, ಹೂಕುಂಡಗಳಿಂದ ಬಡಿದರು. ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಅದನ್ನು ಜೀವ ಉಳಿಸುವ ರಕ್ಷಣಾ ಕಾರ್ಯ ಎಂದು ಬಣ್ಣಿಸಿದರು. ಅಲ್ಲಿಂದ ಮುಂದೆಯೂ ಆ ಯಾತ್ರೆಯಲ್ಲಿ ಇಂಥ ಹಲ್ಲೆಗಳು ಮರುಕಳಿಸಿದವು. 2016ರ ಮಾರ್ಚ್ 1ರಂದು ಅಮೆರಿಕದ ಲೂಯಿವಿಲ್‌ನಲ್ಲಿ ಟ್ರಂಪ್ ‘ಅವರನ್ನು ಹೊರಗೆ ಹಾಕಿ’ ಎಂದರು, ಜೊತೆಗೆ ‘ಅವರಿಗೆ ನೋವು ಮಾಡಬೇಡಿ’ ಎಂದೂ ಸೇರಿಸಿದರು. ಆ ಎರಡನೇ ಮಾತೂ ಲೆಕ್ಕಕ್ಕೆ ಬಂದು ಮೇಲ್ಮನವಿ ನ್ಯಾಯಾಲಯ 2018ರಲ್ಲಿ ಅವರ ಮೇಲಿನ ಪ್ರಚೋದನೆಯ ದಾವೆಯನ್ನು ತಳ್ಳಿಹಾಕಿತು. ಕೋರ್ಟಿನಲ್ಲಿ ಅದು ಸಾಕಾಯಿತು, ಅಲ್ಲಿ ತಳ್ಳಾಡಿಸಿಕೊಂಡು ಹೊರಬಿದ್ದವರಿಗೆ ಸಾಕಾಗಲಿಲ್ಲ. ಜನ ಕೇಳಿಸಿಕೊಳ್ಳುವುದು ಮೊದಲ ಮಾತನ್ನು.

ಹಾಗಾಗಿ ಮೊದಲ ಮಾತು ಸರಿಯಿರಬೇಕು, ಅದನ್ನು ಆ ಗಳಿಗೆಯಲ್ಲಿ ಹುಡುಕುವಂತಾಗಬಾರದು. ನಿರೂಪಕರ ಮೇಜಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದ ಒಂದು ಚೀಟಿ ಇರಲಿ: ‘ಯಾರೂ ಅವರನ್ನು ಮುಟ್ಟಬೇಡಿ. ಎಲ್ಲರೂ ಕುಳಿತುಕೊಳ್ಳಿ. ಪೊಲೀಸರು ಬರುತ್ತಿದ್ದಾರೆ, ದಾರಿ ಬಿಡಿ.’ ಎರಡು ಸಲ ಓದಿದರೂ ಹದಿನೈದು ಸೆಕೆಂಡ್. ‘ಕುಳಿತುಕೊಳ್ಳಿ’ ಎಂಬುದು ಮುಖ್ಯ. ಕುಳಿತವನ ಕೈ ದೂರ ಹೋಗುವುದಿಲ್ಲ, ಪೊಲೀಸರಿಗೂ ನಿಂತವರು ಯಾರೆಂದು ಕಾಣುತ್ತದೆ. ‘ಇವರನ್ನು ಯಾರು ಕಳಿಸಿದ್ದು ಅಂತ ಗೊತ್ತು’, ‘ಕೂಲಿಗೆ ಬಂದವರು’, ‘ನಮ್ಮ ಹುಡುಗರು ನೋಡ್ಕೋತಾರೆ’ ಎಂಬ ಮಾತುಗಳು ಹೊಡೆಯಲು ಕೊಟ್ಟ ಪರವಾನಗಿ. ಭಾಷಣಕಾರರು ಅಷ್ಟು ಹೊತ್ತು ಸುಮ್ಮನಿದ್ದು ನೀರು ಕುಡಿಯಲಿ.

ಕೊನೆಯದಾಗಿ ಆಯೋಗದ್ದೇ ಕ್ಯಾಮೆರಾ. ಪ್ರತಿ ದೊಡ್ಡ ಸಭೆಗೂ ವಿಡಿಯೊ ಕಣ್ಗಾವಲು ತಂಡ ಬರುತ್ತದೆ. ವೇದಿಕೆಯ ಅಳತೆ, ಕುರ್ಚಿ, ಬ್ಯಾನರು, ವಾಹನಗಳನ್ನು ಚಿತ್ರೀಕರಿಸುತ್ತದೆ, ಏಕೆಂದರೆ ಅದರ ಕೆಲಸ ಅಭ್ಯರ್ಥಿಯ ವೆಚ್ಚದ ಲೆಕ್ಕ. ಗಲಾಟೆ ಎದ್ದ ಕೂಡಲೇ ಕ್ಯಾಮೆರಾವನ್ನು ಆ ಕಡೆಗೆ ತಿರುಗಿಸಬೇಕು, ಹಿಡಿದವನನ್ನು ಹೊರಗೆ ಬಿಡುವವರೆಗೆ ನಿಲ್ಲಿಸಬಾರದು ಎಂದು ಅವರಿಗೆ ಸೂಚನೆ ಹೋಗಲಿ. ಹೊಸ ಉಪಕರಣ ಬೇಡ, ಹೊಸ ಸಿಬ್ಬಂದಿ ಬೇಡ. ಆ ಚಿತ್ರಿಕೆಯ ಪ್ರತಿ ಎರಡೂ ಕಡೆಯ ದೂರುಗಳ ಜೊತೆ ಠಾಣೆಗೆ ಮರುದಿನವೇ ತಲುಪಲಿ. ಮುಂದಿನ ಚುನಾವಣೆಯ ವೇಳಾಪಟ್ಟಿ ಪ್ರಕಟವಾಗುವ ಮೊದಲೇ ಈ ಸೂಚನೆಗಳು ಜಿಲ್ಲೆಗಳಿಗೆ ಹೋಗಬೇಕು. ಪ್ರಕಟವಾದ ಮೇಲೆ ಹೊರಟ ಸುತ್ತೋಲೆ ತಾಲ್ಲೂಕು ಮುಟ್ಟುವಷ್ಟರಲ್ಲಿ ಹತ್ತಾರು ಸಭೆ ಮುಗಿದಿರುತ್ತವೆ.

ಇಂತಿ,
ಪ್ರಚಾರ ಸಭೆಗಳ ಅನುಮತಿ, ಬಂದೋಬಸ್ತು ಮತ್ತು ಪ್ರಕರಣಗಳ ಒಳಹೊರಗು ಬಲ್ಲ ಕೆಲವರು